ಹೊರಗೆ ಕೂತವಳು

ಬೆಳಕು ಹರಿಯುವ ಮುಂಚೆ ಗಗನ ಮಾಡಿ ಮುಗಿಸುವ ಕೆಲಸಗಳು: ಬಚ್ಚಲ ಒಲೆಗೆ ಉರಿ ಹಾಕುವುದು. ನಲ್ಲಿಯಲ್ಲಿ ನೀರು ಬರುವ ಅರ್ಧ ಗಂಟೆಯೊಳಗೆ ತೊಟ್ಟಿ, ಎರಡು ಡ್ರಮ್ಮು, ಮೂರು ಬಿಂದಿಗೆ ತುಂಬಿಸುವುದು. ಕೊಟ್ಟಿಗೆಯ ಸಗಣಿ ಬಾಚಿ ತಿಪ್ಪೆಗೆ ಹಾಕುವುದು. ಎರಡು ಸೀಮೆಹಸುಗಳ ಹಾಲು ಕರೆದು ಕ್ಯಾನನ್ನು ಜಗಲಿಯ ಮೇಲಿಡುವುದು. ಡೇರಿಗೆ ಒಯ್ಯುವವನು ಗಂಡ ಸಂತೋಷ್, ಹಾಗಾಗಿ ಊರವರ ಬಾಯಲ್ಲಿ ಅದು ಸಂತೋಷನ ಹಾಲು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಸೊಪ್ಪಿನ ಸಾರಿಗೆ ಒಗ್ಗರಣೆ, ಮುದ್ದೆಗೆ ಎಸರು. ಮಗಳು ಶೋಭಿತಾಳ ಯೂನಿಫಾರಂಗೆ ಇಸ್ತ್ರಿ. ಅತ್ತೆ ದೇವಿರಮ್ಮನ ಮಂಡಿಗೆ ಬಿಸಿ ಎಣ್ಣೆ. ಇಷ್ಟಾದ ಮೇಲೆ ದುದ್ದದ ಬೀದಿಯಲ್ಲಿ ಬೆಳಕು ಕಾಣುತ್ತದೆ. ಮನೆಯವರು ಒಬ್ಬೊಬ್ಬರಾಗಿ ಎದ್ದು, ದಿನ ಶುರುವಾಯಿತು ಎನ್ನುತ್ತಾರೆ.

ಮಂಡ್ಯದ ಬಸ್ಸಿನಲ್ಲಿ ಸೀಟು ಸಿಗುವುದು ಅಪರೂಪ. ಗಗನ ಕೂರುವುದು ಆಫೀಸು ತಲುಪಿದ ಮೇಲೆಯೇ. ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡನೆಯ ಮಹಡಿ. ಚಕ್ರದ ಕುರ್ಚಿ, ಕಪ್ಪು ಬಟ್ಟೆ, ಒಂದು ಕೈ ಮುರಿದಿದೆ. ಆ ಕುರ್ಚಿಯಲ್ಲಿ ಕೂತ ಮೊದಲ ದಿನ ಅವಳಿಗೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಗಲು ಹೊತ್ತಿನಲ್ಲಿ ಒಂದು ಗಂಟೆ ಕೂತು ಎಷ್ಟು ವರ್ಷವಾಗಿತ್ತೋ. ಎರಡು ವರ್ಷದಿಂದ ಆ ಕುರ್ಚಿ ಅವಳದು, ಆರಾರು ತಿಂಗಳ ಕರಾರಿನ ಮೇಲೆ.

ಅಲ್ಲಿ ನಡೆಯುವ ಕೆಲಸ ಇಷ್ಟು. ಮೂವತ್ತು ವರ್ಷದ ಹಿಂದೆ ಮಕ್ಕಳು ಟಿವಿಗೆ ಒಂದು ಪೆಟ್ಟಿಗೆ ಜೋಡಿಸಿ, ಅದರೊಳಕ್ಕೆ ಕ್ಯಾಸೆಟ್ ತುರುಕಿ ವಿಡಿಯೋ ಗೇಮ್ ಆಡುತ್ತಿದ್ದರಲ್ಲ, ಆ ಆಟಗಳನ್ನು ದೂರದೇಶದ ಕಂಪನಿಯೊಂದು ಈಗ ತಿಂಗಳ ಚಂದಾ ಕಟ್ಟಿದವರಿಗೆ ಇಂಟರ್ನೆಟ್ಟಿನಲ್ಲಿ ಕೊಡುತ್ತದೆ. ಪೆಟ್ಟಿಗೆ ಬೇಡ, ಕ್ಯಾಸೆಟ್ ಬೇಡ. ಆಟ ಎಲ್ಲೋ ಒಂದು ದೊಡ್ಡ ಯಂತ್ರದಲ್ಲಿ ನಡೆಯುತ್ತದೆ, ಚಿತ್ರ ಮಾತ್ರ ಮನೆಗೆ ಬರುತ್ತದೆ. ಹೊಸದು ಹಳೆಯದರಂತೆಯೇ ನಡೆಯುತ್ತಿದೆಯೇ ಎಂದು ನೋಡುವ ಕೆಲಸ ಕೈಯಿಂದ ಕೈಗೆ ದಾಟಿ ಮಂಡ್ಯದ ಈ ಕೋಣೆಗೆ ಬಂದು ಸೇರಿತ್ತು. ಎಡಗಡೆ ಹಳೆಯ ಡಬ್ಬಾ ಟಿವಿ, ಹಳೆಯ ಪೆಟ್ಟಿಗೆ. ಬಲಗಡೆ ಹೊಸ ಪರದೆ. ಎರಡನ್ನೂ ನೋಡುತ್ತ ಹೋಗಬೇಕು. ಸರಿಯಿಲ್ಲದ್ದು ಕಂಡರೆ ‘ದೋಷ’ ಎಂದು ಗುರುತು ಹಾಕಬೇಕು. ವಿಚಿತ್ರವೆನಿಸಿದರೂ ಹಳೆಯದರಲ್ಲಿ ಹಾಗೇ ಇದ್ದರೆ ‘ಮೂಲದಂತೆ’. ಮೂಲದಂತೆ ಎಂದು ಗುರುತಾದದ್ದನ್ನು ಯಾರೂ ಮುಟ್ಟುವಂತಿಲ್ಲ. ಅದು ಆಟ ಮಾಡಿದವರಿಗೂ ಕಂಪನಿಗೂ ಆಗಿರುವ ಒಪ್ಪಂದ.

ಈ ಸಲ ಗಗನಳ ಪಾಲಿಗೆ ಬಂದದ್ದು ಬೆಟ್ಟದ ಮೇಲಿನ ಒಂದು ಮನೆಯ ಆಟ. ಕತ್ತಿ ಹಿಡಿದ ನಾಯಕ ಬೆಳಗ್ಗೆ ಎದ್ದು ಕಾಡಿಗೆ ಹೋಗುತ್ತಾನೆ, ಏನೇನನ್ನೋ ಕೊಲ್ಲುತ್ತಾನೆ, ಕತ್ತಲಾದ ಮೇಲೆ ಬಂದು ಉಂಡು ಮಲಗುತ್ತಾನೆ. ಮನೆಯಲ್ಲಿ ಒಬ್ಬಳು ಹೆಂಗಸಿದ್ದಾಳೆ. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಮುಖವೆಂದರೆ ನಾಲ್ಕು ಚುಕ್ಕಿ. ಆಟದ ಒಂದು ದಿನ ನಮ್ಮ ಇಪ್ಪತ್ತು ನಿಮಿಷ.

ಬಂದಿದ್ದ ದೂರು ಇದು: ಹೊಸ ಸೇವೆಯಲ್ಲಿ ಬಹಳ ದಿನ ಆಡಿದವರಿಗೆ ಒಂದು ಬೆಳಗ್ಗೆ ನಾಯಕ ಏಳುವುದೇ ಇಲ್ಲ. ಗುಂಡಿ ಒತ್ತಿದರೂ, ಬೈದರೂ, ಹಾಸಿಗೆಯಲ್ಲೇ ಇರುತ್ತಾನೆ. ಹಳೆಯ ಪೆಟ್ಟಿಗೆಯಲ್ಲಿ ಇದು ಯಾರಿಗೂ ಆಗಿರಲಿಲ್ಲ, ಯಾಕೆಂದರೆ ಆಗ ಅಷ್ಟು ಹೊತ್ತು ಆಡಲು ಯಾವ ಮನೆಯಲ್ಲೂ ಬಿಡುತ್ತಿರಲಿಲ್ಲ. ಟಿವಿ ಆರಿಸಿದರೆ ಮತ್ತೆ ಮೊದಲ ದಿನದಿಂದಲೇ ಶುರು. ಹೊಸ ಸೇವೆಯಲ್ಲಿ ಹಾಗಲ್ಲ, ಬಿಟ್ಟಲ್ಲಿಂದ ಮುಂದುವರಿಯುತ್ತದೆ. ದಿನಗಳು ಸೇರುತ್ತ ಹೋಗುತ್ತವೆ.

“ಆಡೋದ್ ಬೇಡ. ಸುಮ್ನೆ ಬಿಟ್ಟು ನೋಡು,” ಎಂದಿದ್ದಳು ಅರುಂಧತಿ. ಅವಳು ಮಳವಳ್ಳಿಯವಳು, ಕೋಣೆಯ ಮೇಲ್ವಿಚಾರಕಿ. “ಅವ್ನು ಯಾವತ್ತು ಏಳಲ್ಲ, ಯಾಕೆ ಏಳಲ್ಲ, ಅಷ್ಟ್ ಹೇಳು ಸಾಕು.”

ಗಗನ ಎರಡನ್ನೂ ಒಟ್ಟಿಗೆ ಶುರುಮಾಡಿ, ಹಳೆಯ ಪೆಟ್ಟಿಗೆಯ ಮೇಲೆ ‘ಆರಿಸಬೇಡಿ’ ಎಂದು ಚೀಟಿ ಅಂಟಿಸಿ ಕೂತಳು. ಸಂಜೆ ಹೊರಡುವಾಗ ಎರಡನ್ನೂ ಆರಿಸದೆ ತಡೆದು ನಿಲ್ಲಿಸಿ, ಬೆಳಗ್ಗೆ ಅಲ್ಲಿಂದಲೇ ಮುಂದುವರಿಸುತ್ತಿದ್ದಳು.

ನಾಯಕನನ್ನು ನೋಡಬೇಕಾದವಳು ಹೆಂಗಸನ್ನು ನೋಡಿದಳು. ಬೆಟ್ಟದ ಮೇಲೆ ಇನ್ನೂ ಕತ್ತಲಿರುವಾಗ ಅವಳು ಏಳುತ್ತಿದ್ದಳು. ಒಲೆ. ನೀರು. ಕೊಟ್ಟಿಗೆ. ಬಾಗಿಲು. ಮತ್ತೆ ಒಲೆ. ಒಲೆಯಿಂದ ಹೊಗೆ ಎದ್ದು ಸೂರಿನ ತನಕ ಹೋದ ಮೇಲೆ ನಾಯಕ ಏಳುತ್ತಿದ್ದ. ಅದು ಆಟದ ನಿಯಮ, ಒಲೆಯ ಬಳಿ ಊಟವಿಲ್ಲದೆ ಅವನಿಗೆ ಎಚ್ಚರವಿಲ್ಲ. ಅವನು ಕಾಡಿಗೆ ಹೋದರೆ ಪರದೆಯೂ ಅವನ ಹಿಂದೆ ಹೋಗುತ್ತದೆ, ಹಾಗಾಗಿ ಆಡುವವರು ಯಾರೂ ಅವಳ ಹಗಲನ್ನು ನೋಡಿರಲಿಲ್ಲ. ಗಗನ ಅವನನ್ನು ಕಾಡಿಗೆ ಕಳಿಸಲಿಲ್ಲ. ಹಗಲೆಲ್ಲ ಅವನು ಹೊಸಿಲಲ್ಲಿ ನಿಂತೇ ಇದ್ದ, ಅವಳು ಅವನನ್ನು ಸುತ್ತಿಕೊಂಡು ಗುಡಿಸುತ್ತಿದ್ದಳು.

ಆಟದ ಇಪ್ಪತ್ತಾರನೆಯ ದಿನ ಅವಳು ಏಳುವ ಹೊತ್ತಿಗೆ ಸರಿಯಾಗಿ ಎದ್ದು, ಒಲೆಯ ಹತ್ತಿರ ಹೋಗದೆ, ಬಾಗಿಲು ದಾಟಿ ಹೊರಗೆ ಬಂದಳು. ಜಗಲಿಯ ಮೇಲೆ ಚಾಪೆ ಹಾಸಿ ಕೂತಳು. ಆಟದ ಹಿನ್ನೆಲೆಯ ಸಂಗೀತ ನಿಂತುಹೋಯಿತು. ಡಬ್ಬಾ ಟಿವಿಯ ಗುಂಯ್ ಸದ್ದು ಮಾತ್ರ ಉಳಿಯಿತು. ಗಗನ ಬಲಗಡೆಯ ಪರದೆ ನೋಡಿದಳು, ಅಲ್ಲೂ ಕೂತಿದ್ದಳು. ಕಾರ್ಖಾನೆ ಕಬ್ಬು ಅರೆಯುವ ಕಾಲ, ಕಿಟಕಿಯಿಂದ ಕಾಕಂಬಿಯ ಗಮಲು ಬರುತ್ತಿತ್ತು. ಒಲೆಯ ಹತ್ತಿರ ಅವಳು ಹಿಂದಿನ ದಿನವೇ ಮಾಡಿಟ್ಟ ಮೂರು ದಿನದ ಬುತ್ತಿ ಇತ್ತು, ನಾಯಕ ಎದ್ದು ಅದನ್ನೇ ತಿಂದ.

ಅವಳು ಆಟದ ಮೂರು ದಿನ, ನಮ್ಮ ಒಂದು ಗಂಟೆ, ಕದಲದೆ ಕೂತಳು. ನಾಲ್ಕನೆಯ ಬೆಳಗ್ಗೆ ಕೊಡದ ನೀರು ಮೈಮೇಲೆ ಸುರಿದುಕೊಂಡು ಒಳಕ್ಕೆ ಹೋಗಿ ಒಲೆ ಹಚ್ಚಿದಳು.

ಗಗನಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವಳೂ ಪಕ್ಕದ ಕುರ್ಚಿಯ ನಯನಳಿಗೆ ಏನೂ ಹೇಳಲಿಲ್ಲ. ಕಂಪನಿಗೆ ಹೋಗುವ ದೂರಿನ ಚೀಟಿಯಲ್ಲಿ, ಅಂದರೆ ಟಿಕೆಟ್ಟಿನಲ್ಲಿ, ತನಗೆ ಬರುವ ಇಂಗ್ಲಿಷಿನಲ್ಲಿ, ಪ್ರಾಯಶಃ ಇಪ್ಪತ್ತೆಂಟು ದಿನಕ್ಕೊಮ್ಮೆ ಹೆಂಗಸು ಮೂರು ದಿನ ಹೊರಗಿರುತ್ತಾಳೆ, ಎಂದು ಬರೆದು ಕಳಿಸಿ ಬಸ್ಸು ಹತ್ತಿದಳು.

ಗಗನ ಮದುವೆಯಾಗಿ ಈ ಮನೆಗೆ ಬಂದಾಗ ಸಂತೋಷ್ ಹೆಮ್ಮೆಯಿಂದ ಹೇಳಿದ್ದ, “ನಮ್ಮನೇಲಿ ಆ ಒರಗೆ ಕೂರೋದೆಲ್ಲ ಇಲ್ಲ. ಅವ್ವನ ಕಾಲಕ್ಕೇ ಮುಗೀತು. ನೀನು ಮೂವತ್ ದಿಸಾನೂ ಒಳಗೇ ಇರ್ಬೋದು.” ಇದ್ದಾಳೆ, ಮೂವತ್ತು ದಿನವೂ. ಹೊಟ್ಟೆ ಹಿಂಡುವ ದಿನ ಒಂದು ಕೈ ಸೊಂಟದ ಮೇಲಿಟ್ಟು ಇನ್ನೊಂದು ಕೈಯಲ್ಲಿ ಸಗಣಿ ಬಾಚುತ್ತಾಳೆ.

ಅಂದು ಸಂಜೆ ದಂಟಿನ ಸೊಪ್ಪು ಬಿಡಿಸುತ್ತ ಅತ್ತೆಯನ್ನು ಕೇಳಿದಳು, “ಅತ್ತೆ, ಮುಂಚೆ ನೀವು ಒರಗೆ ಕೂತ್ಕತಿದ್ರಲ್ಲ, ಎಲ್ ಕೂತ್ಕತಿದ್ರಿ?”

“ಯಾಕಮ್ಮಿ? ನಿಮ್ಮಾಪೀಸಲ್ಲಿ ಅದ್ನೂ ಕೇಳ್ತಾರ?”

“ಆಟದಲ್ಲಿ ಒಬ್ಳು ಕೂತವ್ಳೆ.”

ದೇವಿರಮ್ಮ ನಗಬಹುದು ಎಂದುಕೊಂಡಿದ್ದಳು. ನಗಲಿಲ್ಲ. “ಯಾವ್ ಕಡೀಕೆ ಮಕ ಮಾಡ್ಕಂಡವ್ಳೆ?”

“ಬೀದಿ ಕಡೆ. ಮೂರು ದಿಸ ಕದಲ್ದಂಗೆ.”

“ಕದಲ್ದೆ ಎಲ್ಲಿದ್ದಾಳು. ನೀ ಸರ್ಯಾಗ್ ನೋಡಿಲ್ಲ. ಮೊದಲ್ನೇ ದಿಸ ಬೀದಿ ಕಡೆ. ಯಾರ್ ಓಯ್ತಾರೆ, ಯಾರ್ ಬತ್ತಾರೆ, ನೋಡಾನ ಅನ್ಸ್ತದೆ. ಎಲ್ಡನೇ ದಿಸ ಆಕಾಸ. ಮೂರನೇ ದಿಸ ಗ್ವಾಡೆ ಕಡೀಕೆ ತಿರಿಕತಾಳೆ, ನೋಡು ಬೇಕಾರೆ.”

“ಗೋಡೆ ಕಡೆ ಯಾಕತ್ತೆ?”

“ನಾಳೀಕೆ ಒಳಕ್ ಓಗ್ಬೇಕಲ್ಲ.”

ದೇವಿರಮ್ಮ ದಂಟಿನ ನಾರು ತೆಗೆದು ಪಕ್ಕಕ್ಕೆ ಹಾಕಿದಳು. “ಮಳೆ ಬಂದ್ರೆ ನೆನೀಬೇಕು. ಅನ್ನಾವ ದೂರದಿಂದ ಎತ್ತಾಕೋರು, ನಾಯಿಗ್ ಆಕ್ದಂಗೆ. ಆದ್ರೂ ಕಾಣೆ ಕಣಮ್ಮಿ, ಆ ಮೂರ್ ದಿಸ ನನ್ ಕೈನ ಯಾರೂ ಕೇಳ್ತಿರ್ನಿಲ್ಲ.”

ಮಾರನೆಯ ದಿನ ಎರಡನೆಯ ಸುತ್ತು ಬಂತು. ಗಗನ ನೀರು ಕುಡಿಯಲೂ ಏಳದೆ ನೋಡಿದಳು. ಮೊದಲ ಇಪ್ಪತ್ತು ನಿಮಿಷ ಆ ನಾಲ್ಕು ಚುಕ್ಕಿ ಬೀದಿಯ ಕಡೆಗಿದ್ದವು. ಎರಡನೆಯ ಇಪ್ಪತ್ತು ನಿಮಿಷ ಒಂದು ಸಾಲು ಮೇಲಕ್ಕೆ ಸರಿದಿದ್ದವು. ಮೂರನೆಯ ದಿನದ ಕತ್ತಲು ಕಳೆದಾಗ ಚುಕ್ಕಿಗಳೇ ಇರಲಿಲ್ಲ. ಇದ್ದದ್ದು ಬೆನ್ನು ಮತ್ತು ತುರುಬು. ಕಡಲಾಚೆಯವರು ಯಾರೋ ತಾನು ಹುಟ್ಟುವ ಮೊದಲೇ ಮಾಡಿದ ಬೊಂಬೆಗೆ ದುದ್ದದ ಮುದುಕಿಯ ಮನಸ್ಸು ತಿಳಿದಿತ್ತು.

ಅರುಂಧತಿ ಟಿಕೆಟ್ಟಿನ ಉತ್ತರ ಹಿಡಿದು ಬಂದಳು. “ಏನ್ ಗಗನ, ಹೊರಗೆ ಅಂತ ಬರ್ದಿದೀಯ. ಬೊಂಬೆ ನಕ್ಷೆ ದಾಟಿ ಆಚೆ ಬಿದ್ದೋಗಿದೆ ಅಂತ ಅವ್ರು ತಿಳ್ಕಂಡವ್ರೆ. ನಮ್ ಕೆಲಸ್ದಲ್ಲಿ ಹೊರಗೆ ಅಂದ್ರೆ ಅದೇ ಅಲ್ವ? ಗಡಿ ದಾಟಿದ ದೋಷ ಅಂತ ಆಗ್ಲೇ ಪಟ್ಟಿಗೂ ಸೇರ್ಸವ್ರೆ. ಎಷ್ಟು ಚುಕ್ಕಿ ಆಚೆ ಹೋಗವ್ಳೆ, ಅಳತೆ ಕಳ್ಸು ಅಂತವ್ರೆ.”

“ಆ ಹೊರಗೆ ಅಲ್ಲ ಅಕ್ಕ.”

“ಮತ್ತೆ ಯಾವ್ ಹೊರಗೆ?”

ಗಗನ ಅವಳ ಮುಖ ನೋಡಿದಳು. ಅರುಂಧತಿಗೆ ನಿಧಾನಕ್ಕೆ ಅರ್ಥವಾಯಿತು, ನಗೆ ಬಂತು, ಆಮೇಲೆ ನಗೆ ನಿಂತಿತು. “ತೋರ್ಸು.”

ತೋರಿಸಲು ಏನೂ ಇರಲಿಲ್ಲ. ಅಷ್ಟರಲ್ಲಿ ಹೆಂಗಸು ಎದ್ದು ಕಸ ಗುಡಿಸುತ್ತಿದ್ದಳು. ದಾಖಲೆಯ ವಿಡಿಯೋ ಹಾಕಿದರೆ, ಅವಳು ಬಾಗಿಲು ದಾಟಿ ಬಂದದ್ದು ಕಂಡಿತು, ಮರುಕ್ಷಣವೇ ಬಾಗಿಲೊಳಗೆ ಹೋದದ್ದು ಕಂಡಿತು. ನಡುವಿನ ಅವಳ ಒಂದು ಗಂಟೆ ಇಲ್ಲ. ದಾಖಲಿಸುವ ಯಂತ್ರ ಕಂಪನಿಯದು. ಜಾಗ ಉಳಿಸಲು ಅದು ಚಿತ್ರದಲ್ಲಿ ಚಲಿಸಿದ ಭಾಗವನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಉಳಿದದ್ದನ್ನು ‘ಏನೂ ನಡೆದಿಲ್ಲ’ ಎಂದು ಎಸೆಯುತ್ತದೆ. ಒಂದೆರಡು ಚುಕ್ಕಿ ಸರಿದದ್ದು ಅದರ ಲೆಕ್ಕಕ್ಕಿಲ್ಲ. ಫೋನುಗಳನ್ನು ಬಾಗಿಲಲ್ಲೇ ಪೆಟ್ಟಿಗೆಗೆ ಹಾಕಿ ಬರಬೇಕು, ಅದರಲ್ಲೂ ತೆಗೆಯುವಂತಿಲ್ಲ.

“ನನಗೆ ಕಾಣ್ತಿರೋದು ಕಸ ಗುಡಿಸ್ತಿರೋ ಹೆಂಗ್ಸು,” ಎಂದಳು ಅರುಂಧತಿ. ಸ್ವರದಲ್ಲಿ ಬಿರುಸಿರಲಿಲ್ಲ. “ನೀನು ನೋಡಿದೀಯ ಅಂದ್ರೆ ನಂಬ್ತೀನಿ. ಅವ್ರು ನಂಬಲ್ಲ.”

ಮೂರನೆಯ ಸುತ್ತು ಬುಧವಾರ ಮಧ್ಯಾಹ್ನಕ್ಕೆ ಬಂತು. ಕರೆದರೂ ಅರುಂಧತಿ ಬರಲಿಲ್ಲ. ಬೀದಿ, ಆಕಾಶ, ಗೋಡೆ. ನಾಲ್ಕನೆಯ ಬೆಳಗ್ಗೆ ಬೆಟ್ಟದ ಮೇಲೆ ಬೆಳಕು ಹರಿದಾಗ ಜಗಲಿಯಲ್ಲಿ ಅವಳಿರಲಿಲ್ಲ. ಗಗನ ಒಳಮನೆ ನೋಡಿದಳು, ಕೊಟ್ಟಿಗೆ ನೋಡಿದಳು. ಒಲೆಯಲ್ಲಿ ಬೂದಿ. ಬುತ್ತಿ ಮುಗಿದಿತ್ತು. ಹೊಗೆ ಏಳಲಿಲ್ಲ, ನಾಯಕನೂ ಏಳಲಿಲ್ಲ. ಹಳೆಯ ಪೆಟ್ಟಿಗೆಯಲ್ಲೂ ಹಾಗೇ, ಹೊಸ ಪರದೆಯಲ್ಲೂ ಹಾಗೇ. ಕಂಪನಿ ಹುಡುಕುತ್ತಿದ್ದ ಕಾರಣ ಸಿಕ್ಕಿತ್ತು. ಜಗಲಿಯ ಮೇಲೆ ಉದ್ದಕ್ಕಿದ್ದ ಚಾಪೆಯ ಕಂದು ಗೆರೆ ಈಗ ಪುಟ್ಟ ಚೌಕವಾಗಿತ್ತು.

ಸಂಜೆ ಅತ್ತೆಗೆ ಹೇಳಿದಾಗ ದೇವಿರಮ್ಮ ಮಂಡಿ ಉಜ್ಜುವುದನ್ನು ನಿಲ್ಲಿಸಿದಳು.

“ಚಾಪೆ ಸುತ್ತಿತ್ತಾ, ಮಡಚಿತ್ತಾ?”

“ಮಡಚಿತ್ತು.”

“ಅಂಗಾರೆ ಓದ್ಲು ಬುಡು.” ಮುದುಕಿ ದನಿ ಇಳಿಸಿದಳು. “ನನ್ ವಾರಗಿತ್ತಿ ಒಬ್ಳಿದ್ಲು ಕಣಮ್ಮಿ, ಸಣ್ಣತಾಯಮ್ಮ ಅಂತ. ವೈದ್ಯನಾಥಪುರದೋಳು. ಬಂದ್ ವರ್ಸಕ್ಕೇ ಒಂದ್ ಸಲ ನಾಕನೇ ದಿಸ ಒಳಕ್ ಬರ್ನಿಲ್ಲ. ಗಂಡಸ್ರು ಬಾವಿಗಿಳುದ್ರು, ಕೆರೆ ಜಾಲಾಡುದ್ರು. ಮದ್ದೂರ್ ಕಡೀಗೆಲ್ಲ ಆಳ್ ಕಳ್ಸುದ್ರು. ಸತ್ಲು ಅಂತ ಕೈ ತೊಳ್ಕಂಡ್ರು. ನಾನು ಚಾಪೆ ನೋಡ್ದೆ. ನಾಕ್ ಮಡಿಕೆ ಮಡಚಿ, ಮೇಲೆ ಚೆಂಬು ಬೋರ್ಲಾಕಿದ್ಲು. ಸಾಯಾಕೋಗೋಳು ಚಾಪೆ ಮಡಚ್ತಾಳಾ? ಇದುವರ್ಗೂ ಯಾರ್ಗೂ ಯೋಳಿಲ್ಲ.”

“ಎಲ್ಲೋದ್ರು ಅಂತೀರಿ?”

“ನಂಗೇನ್ ಗೊತ್ತು. ಅವ್ಳ ಪಾಲಿನ್ ಕೆಲ್ಸ ನನ್ ತಲೆ ಮೇಲ್ ಬಿತ್ತು. ಅದ್ ಮಾತ್ರ ಗೊತ್ತು.”

ಒಳಗಿನಿಂದ ಸಂತೋಷ್ ಕರೆದ. “ಗಗನಾ, ಸಾರಿಗೆ ಉಪ್ಪೇ ಇಲ್ವಲ್ಲ. ಗ್ಯಾನ ಎಲ್ಲೈತೆ?”

“ಆಟದಲ್ಲೈತೆ,” ಎಂದಳು ದೇವಿರಮ್ಮ.

“ಆಟ ಆಡಕ್ಕೆ ಕರ್ದು ಕೂರ್ಸವ್ರೆ. ನಿಂದೇ ಪುಣ್ಯ ಬುಡು,” ಎಂದು ಅವನು ನಕ್ಕು, ಉಪ್ಪಿಗಾಗಿ ಕೈ ಚಾಚಿಯೇ ಕೂತಿದ್ದ. ಉಪ್ಪಿನ ಡಬ್ಬಿ ಅವನಿಗೆ ಎರಡು ಮಾರು ದೂರದಲ್ಲಿತ್ತು.

ಗುರುವಾರ ಬೆಳಗಿನ ಜಾವ ಗಗನ ಹಾಲಿನ ಕ್ಯಾನು ಇಡಲು ಜಗಲಿಗೆ ಬಂದಳು. ಇಬ್ಬನಿ ಬಿದ್ದು ಅಂಗಳದ ಹುಲ್ಲು ಒದ್ದೆಯಾಗಿತ್ತು. ಕ್ಯಾನು ಇಟ್ಟು ಊರಿದ ಅಂಗೈಗೆ ಕಲ್ಲು ಬೆಚ್ಚಗೆ ತಗಲಿತು. ಒಬ್ಬರು ಬಹಳ ಹೊತ್ತು ಕೂತು ಆಗಷ್ಟೇ ಎದ್ದುಹೋದ ಜಾಗದಷ್ಟು ಅಗಲ ಮಾತ್ರ ಬೆಚ್ಚಗಿತ್ತು, ಆಚೀಚೆ ಕೊರೆಯುತ್ತಿತ್ತು. ಒಳಗೆ ಮೂವರೂ ಮಲಗಿದ್ದರು, ಮೂವರ ಉಸಿರೂ ಕೇಳುತ್ತಿತ್ತು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅವಳು ಕೈ ತೆಗೆಯಲಿಲ್ಲ. ಕಲ್ಲು ಆರುವ ತನಕ ಅಲ್ಲೇ ಊರಿದ್ದಳು. ಅಂದು ಎಸರು ತಡವಾಯಿತು.

ಕಂಪನಿಯ ಉತ್ತರ ಅದೇ ದಿನ ಬಂತು. ಪರಿಹಾರ ಸುಲಭ, ಎರಡು ಸಾಲು ಬದಲಿಸಿದರೆ ಹೆಂಗಸು ಎಂದೂ ಬಾಗಿಲು ದಾಟುವುದಿಲ್ಲ. ದಿನವೂ ಒಲೆ ಉರಿಯುತ್ತದೆ, ನಾಯಕ ದಿನವೂ ಏಳುತ್ತಾನೆ. ಮಂಡ್ಯದವರು ‘ದೋಷ’ ಎಂದು ಗುರುತಿಸಿದರೆ ಸಾಕು. ಹಳೆಯದರಲ್ಲೂ ಹೀಗೇ ಇದೆ ಎನ್ನುವುದಾದರೆ, ವಿಡಿಯೋ ಸಾಕ್ಷಿ ಇಲ್ಲದ್ದರಿಂದ, ನೋಡಿದವರೇ ತಮ್ಮ ಹೆಸರು ಹಾಕಿ ಹೊಣೆ ಹೊರಬೇಕು. ಶುಕ್ರವಾರ ಸಂಜೆಯೊಳಗೆ.

ಅರುಂಧತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. “ನೋಡು, ಬಿಡಿಸಿ ಹೇಳ್ತೀನಿ. ದೋಷ ಅಂದ್ರೆ ಇವತ್ತೇ ಮುಗೀತದೆ. ಮೂಲದಂತೆ ಅಂದ್ರೆ ಈ ಆಟ ಹಿಂಗೇ ಮನೆಮನೆಗೆ ಹೋಗ್ಬೇಕು. ಅವ್ರಿಗೆ ಅದು ಬೇಡ. ಮುಂದಿನ ಕರಾರಿಗೆ ಹೆಸರು ಆರ್ಸೋರು ಅವ್ರೇ. ನಿನ್ ಹೆಸರು ಬಿಡ್ತಾರೆ ಗಗನ. ನನ್ ಕೈಲಿ ತಡೆಯಕ್ ಆಗಲ್ಲ.”

“ನೀವಾಗಿದ್ರೆ ಏನ್ ಮಾಡ್ತಿದ್ರಿ ಅಕ್ಕ?”

“ನಾನು ನೋಡಿಲ್ವಲ್ಲ,” ಎಂದಳು ಅರುಂಧತಿ. ಎದ್ದು ಹೋಗುತ್ತ, “ಅದೊಂದು ಬಚಾವು ನನಗೆ,” ಎಂದಳು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟದ ಡಬ್ಬಿ ಹಿಡಿದು ಕೆಳಗೆ ಹೋದರು. ನಯನ ಕರೆದಳು; ಗಗನ, ಆಮೇಲೆ ಬರುತ್ತೇನೆ ಎಂದಳು. ಬಾಗಿಲು ಮುಚ್ಚಿಕೊಂಡಿತು.

ಎರಡೂ ಪರದೆಗಳಲ್ಲಿ ಬೆಟ್ಟದ ಮನೆಯ ಬಾಗಿಲು ತೆರೆದಿತ್ತು. ಒಳಗೆ ನಾಯಕ ಮಲಗಿದ್ದ. ಹೊರಗೆ ಬೆಳಕು ಬಂದು ಹೋಗುತ್ತಿತ್ತು, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ದಿನ. ಬುಧವಾರದಿಂದ ಎಷ್ಟೋ ದಿನಗಳು ಆ ಮನೆಯ ಮೇಲೆ ಹಾಗೆ ಹಾದುಹೋಗಿದ್ದವು. ಅಂಗಳದಲ್ಲಿ ಹುಲ್ಲು ಬೆಳೆಯತೊಡಗಿತ್ತು. ಹುಲ್ಲು ಬೆಳೆಯುವುದು ಕಂಪನಿ ಕಳಿಸಿದ್ದ ಆಟದ ವಿವರದಲ್ಲಿ ಎಲ್ಲೂ ಇರಲಿಲ್ಲ. ಗುಡಿಸುವವರು ಇದ್ದಷ್ಟು ದಿನ ಅದು ಕಾಣಲು ಅವಕಾಶವಿರಲಿಲ್ಲ, ಅಷ್ಟೆ.

ಜಗಲಿಯ ಆ ಮೂರು ದಿನವನ್ನು ಒಳ್ಳೆಯದೆನ್ನಲು ಗಗನಳ ನಾಲಿಗೆ ಏಳದು. ಅನ್ನವನ್ನು ದೂರದಿಂದ ಎತ್ತಿಹಾಕಿಸಿಕೊಂಡವರ ಸೊಸೆ ಅವಳು. ಆದರೆ ಆ ಮೂರು ದಿನ ಇತ್ತು ಎಂಬುದನ್ನೇ ಅಳಿಸಿ, ಒಲೆ ಬಿಟ್ಟು ಬೇರೇನೂ ಅವಳಿಗಿರಲಿಲ್ಲ ಎಂದು ಮಾಡುವ ಎರಡು ಸಾಲು ಎಲ್ಲೋ ಸಿದ್ಧವಾಗಿ ಕಾದಿದ್ದವು. ಅದಕ್ಕೆ ಬೇಕಾದದ್ದು ತನ್ನ ಒಂದು ಬೆರಳು. ಬೆರಳು ಕೊಟ್ಟರೆ ಈ ಕುರ್ಚಿ ಉಳಿಯುತ್ತದೆ. ಕುರ್ಚಿ ಹೋದರೆ ದಿನಕ್ಕೆ ಎಂಟು ಗಂಟೆ ಕೂರುವ ಜಾಗ ಹೋಗುತ್ತದೆ. ಇನ್ನೊಂದು ಸಿಗುತ್ತದೆಂದು ಹೇಳುವವರಿಲ್ಲ. ಅವಳು ಕುರ್ಚಿಯ ಮುರಿದ ಕೈಯನ್ನು ಒಮ್ಮೆ ಸವರಿದಳು.

ಡಬ್ಬಾ ಟಿವಿಯ ಗುಂಯ್ ಸದ್ದು ನಿಂತಂತಾಯಿತು. ತಲೆ ಎತ್ತಲು ಮನಸ್ಸಾಗಲಿಲ್ಲ. ಅಂಗಳದ ಹುಲ್ಲಿನ ಆಚೆ, ನಕ್ಷೆಯ ಕೊನೆಯ ಗೆರೆಯ ಹತ್ತಿರ, ಬೇರೆ ಬಣ್ಣದ ನಾಲ್ಕು ಚುಕ್ಕಿ ಇದ್ದಂತೆ ಕಣ್ಣಂಚಿಗೆ ಕಂಡಿತು. ಈ ಕಡೆಗೆ ತಿರುಗಿವೆಯೋ ಆ ಕಡೆಗೋ ಅವಳು ನೋಡಲಿಲ್ಲ. ನೋಡಿದರೆ ಅದನ್ನೂ ಬರೆಯಬೇಕಾಗುತ್ತದೆ.

‘ಮೂಲದಂತೆ’ ಎಂಬುದನ್ನು ಒತ್ತಿದಳು. ಕಾರಣ ಬರೆಯಿರಿ ಎಂದು ಖಾಲಿ ಚೌಕ ತೆರೆದುಕೊಂಡಿತು. ಅವಳು ಅವಸರ ಮಾಡಲಿಲ್ಲ. ಬರೆದಳು:

‘ಆಟದಲ್ಲಿ ತಪ್ಪಿಲ್ಲ. ನಾನೇ ನೋಡಿದ್ದೇನೆ. ಹೆಂಗಸು ಹೊರಟುಹೋಗಿದ್ದಾಳೆ, ಆದ್ದರಿಂದ ಅಡುಗೆಯಾಗಿಲ್ಲ. ನಾಯಕನಿಗೆ ಬೆಂಕಿ ಹಚ್ಚಲು ಬರುತ್ತದೆ. ಆಟದ ವಿವರದ ಪ್ರಕಾರ ಕಾಡಿನ ಐದನೆಯ ಹಂತದಲ್ಲಿ ಹಚ್ಚುತ್ತಾನೆ.’

ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ ಕಳಿಸಿದಳು.